ಕಾಣಲೊಲ್ಲದ ಡಾಲ್ಫಿನ್

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟಿರುವ ಅಮಾತೆಪ್ಪನವರು. ಲಿಂಗಪೂಜೆ ಮುಗಿಯದೆ ನೀರು ಕುಡಿಯುವವರಲ್ಲ. ಬೆಲ್ಲದ ಪಾಕ ತಿರುವುತ್ತಾ ಹೇಳಿದರು. ಪಾಕ ಹದಕ್ಕೆ ಬಂದದ್ದೇ ನಿಲ್ಲಿಸಿದರು. ನಡುವೆ ಸುಳ್ಳು ಸೇರಿಸಲು ಅವರಿಗೆ ಪುರುಸೊತ್ತಿರಲಿಲ್ಲ.

ಬಾಗಲಕೋಟೆಯ ಹಿನ್ನೀರಿನಲ್ಲಿ ಡಾಲ್ಫಿನ್ ಇಲ್ಲ. ಹಿಂದೆಯೂ ಇರಲಿಲ್ಲ. ಅಷ್ಟಕ್ಕೇ ಅಲ್ಲಿ ಕಾಡು ಡಾಲ್ಫಿನ್‌ಗಳ ಸಂಶೋಧನೆ ಇದುವರೆಗೆ ನಡೆಯದೆ ಉಳಿದಿರುವುದು ಅನ್ಯಾಯವೆಂದು ಮೇಲಿನವರು ಕಂಡುಕೊಂಡರು. ಮೈಸೂರು ಕಡೆಯ ಒಬ್ಬ ಯೋಜನಾಧಿಕಾರಿಗಳು ಬಂದು, ದಂಡೆಯಲ್ಲಿ ಕಚೇರಿ ತೆರೆದು, ಸ್ವಯಂಸೇವಕರು ಬೇಕೆಂದು ಸಾರಿದರು. ‘ಸೇವೆ’ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅಮಾತೆಪ್ಪನವರು ಮನೆಯಲ್ಲಿ ಕೂಡುವುದುಂಟೆ? ಅಂಗಡಿಯನ್ನು ಹೆಂಡತಿ ಸಂಗವ್ವನಿಗೆ ಒಪ್ಪಿಸಿ, ವಿಭೂತಿ ಧರಿಸಿ ಹೋದರು. ಅವರಿಗೆ ಒಂದು ದುರ್ಬೀನು, ಒಂದು ನೀಲಿ ಟೊಪ್ಪಿಗೆ ಕೊಡಲಾಯಿತು.

ಹುಡುಕಲು ಗೊತ್ತುಮಾಡಿದ ದೋಣಿ ಮೀನುಗಾರ ಹುಸೇನಸಾಬನದು. ಡಾಲ್ಫಿನ್ ಇರಬಹುದಾದ ನೀರಿನಲ್ಲಿ, ಇಲ್ಲವೆಂದು ಸಿದ್ಧವಾಗುವ ತನಕ ಬಲೆ ಬೀಸತಕ್ಕದ್ದಲ್ಲ ಎಂಬ ನಿಯಮದ ಮೇರೆಗೆ ಅವನ ಬಲೆಗಳನ್ನು ಕಚೇರಿಯಲ್ಲಿ ಬೀಗ ಹಾಕಿ ಇಡಲಾಯಿತು. ಬಲೆಯೇ ಅವನ ಅನ್ನ. ಆದ್ದರಿಂದ ಡಾಲ್ಫಿನ್ ಇಲ್ಲವೆಂದು ಬೇಗ ಬರೆಯಿಸಿಕೊಳ್ಳುವುದೊಂದೇ ಅವನ ಧ್ಯಾನವಾಗಿತ್ತು.

ಹಿನ್ನೀರೆಲ್ಲ ಸುತ್ತಿ ದಂಡೆಗೆ ಬಂದಾಗ ಅಧಿಕಾರಿಗಳು ಕೇಳಿದರು: “ಡಾಲ್ಫಿನ್ ಕಂಡಿತೇನಪ್ಪ?”

“ಕಾಣವಲ್ದ್ರಿ ಸಾಹೇಬ್ರ,” ಎಂದ ಹುಸೇನಸಾಬ.

ನಮ್ಮ ಕಡೆ ಮಳೆ ಬರದಿದ್ದರೆ ‘ಬರವಲ್ದು’ ಎನ್ನುತ್ತೇವೆ, ಬೀಗ ತೆರೆಯದಿದ್ದರೆ ‘ತೆರೀವಲ್ದು’ ಎನ್ನುತ್ತೇವೆ. ಬೀಗಕ್ಕೆ ಮನಸ್ಸಿದೆ ಎಂದು ಅದರರ್ಥವಲ್ಲ. ಅಧಿಕಾರಿಗಳಿಗೆ ಮಾತ್ರ ಅದು ‘ಒಲ್ಲದು’ ಎಂದು ಕೇಳಿಸಿತು. “ಡಾಲ್ಫಿನ್ ಕಾಣಿಸಿಕೊಳ್ಳಲು ನಿರಾಕರಿಸುತ್ತಿದೆ” ಎಂದು ಬರೆದರು.

“ಹಂಗಲ್ರಿ,” ಎಂದರು ಅಮಾತೆಪ್ಪನವರು. “ಕಾಣವಲ್ದು ಅಂದ್ರ ಕಾಣೂದಿಲ್ಲಂತ ಅರ್ಥ.”

“ನಾನೂ ಅದನ್ನೇ ಬರೆದಿದ್ದೇನೆ. ಇಲ್ಲದ ಪ್ರಾಣಿ ಹೇಗೆ ನಿರಾಕರಿಸೀತು, ಹೇಳಿ? ನಿರಾಕರಿಸಿದೆ, ಆದ್ದರಿಂದ ಇದೆ.”

ಅಮಾತೆಪ್ಪನವರು ಹಳ್ಳಿ ಸಾಲಿ ಕಲಿತವರು. ಇಂಥ ತರ್ಕ ಅವರ ಸಾಲಿಯಲ್ಲಿ ಕಲಿಸಿರಲಿಲ್ಲ.

ಮರುದಿನ ಆಟೋಕ್ಕೆ ಮೈಕು ಕಟ್ಟಿ ದಂಡೆಗುಂಟ ಸಾರಲಾಯಿತು: “ಹಿನ್ನೀರಿನ ಡಾಲ್ಫಿನ್‌ಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾವು ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಅಸಮಾಧಾನ ಮುಂದುವರಿದಿದೆಯೆಂದು ಭಾವಿಸಲಾಗುವುದು.” ಡಾಲ್ಫಿನ್ ಬರಲಿಲ್ಲ. ಅಸಮಾಧಾನ ಮುಂದುವರಿದಿದೆಯೆಂದು ಭಾವಿಸಲಾಯಿತು. ಬೀಗ ಹಾಗೇ ಇತ್ತು.

ಆಗ ಹುಸೇನಸಾಬನ ಹೆಂಡತಿ ದಸ್ತಗೀರಬಿ ಸೆರಗು ಬಿಗಿದುಕೊಂಡು ಕಚೇರಿಗೆ ಬಂದಳು.

“ಸಾಹೇಬ್ರ, ನಮ್ಮ ಮೀನಿನ ಬಲಿ ತಿರುಗಿ ಕೊಡ್ರಿ. ಮನ್ಯಾಗ ಒಲಿ ಹತ್ತವಲ್ದು.”

ಅಧಿಕಾರಿಗಳು ಪೆನ್ನೆತ್ತಿದರು. “ಒಲೆಯೂ ನಿರಾಕರಿಸುತ್ತಿದೆಯೆ? ಎಂದಿನಿಂದ?”

ದಸ್ತಗೀರಬಿ ಗಂಡನ ಮುಖ ನೋಡಿದಳು. ಹುಸೇನಸಾಬ ಅಮಾತೆಪ್ಪನವರ ಮುಖ ನೋಡಿದ. ಅಮಾತೆಪ್ಪನವರು ದುರ್ಬೀನು ಒರೆಸಿದರು.

“ಅಣ್ಣಾರ, ಇವ್ರು ಹಿಂಗ ಏನು?” ಎಂದು ಆಕೆ ಮೆಲ್ಲಗೆ ಕೇಳಿದಳು.

“ಹಿಂಗ ನೋಡವಾ,” ಎಂದರು ಅವರು.

ಆಕೆ ದನಿ ಬದಲಿಸಿದಳು. “ಖರೆ ಅಂದ್ರ ಸಾಹೇಬ್ರ, ಅದು ಸಿಟ್ಟಾಗೇತಿ. ಬೀಗರು ಸಿಟ್ಟಾದ್ರ ಏನು ಮಾಡ್ತಾರ? ಉಣ್ಣಾಕ ನೀಡಿ ರಮಿಸ್ತಾರ. ನೀವು ಅದನ್ನ ಕರದ್ರಿ, ಉಣ್ಣಾಕ ನೀಡೀರೇನು?”

ಅಧಿಕಾರಿಗಳು ತಲೆ ತಗ್ಗಿಸಿದರು. ಕರೆದವರು ಊಟದ ಮಾತೇ ಎತ್ತಿರಲಿಲ್ಲ.

“ಅದು ಏನು ತಿನ್ನುತ್ತದೆ?”

“ಮೀನ್ರಿ. ಹಿನ್ನೀರಿನ ತಾಜಾ ಮೀನ.”

ಅಂದೇ ಆದೇಶ ಹೊರಟಿತು: ಡಾಲ್ಫಿನ್ನಿನ ಮನವೊಲಿಕೆಯ ಸಲುವಾಗಿ, ಅದರ ಊಟಕ್ಕೆ ಮೀನು ಹಿಡಿಯಲು ಮೀನುಗಾರ ಹುಸೇನಸಾಬನಿಗೆ ಬಲೆ ಬೀಸುವ ವಿಶೇಷ ಅನುಮತಿ ನೀಡಲಾಗಿದೆ. ಬೀಗ ತೆರೆಯಿತು.

ಅಂದಿನಿಂದ ಹುಸೇನಸಾಬ ಬೆಳಗ್ಗೆ ಬಲೆ ಬೀಸುತ್ತಾನೆ. ಬುಟ್ಟಿ ತುಂಬ ಮೀನನ್ನು ನೀರಿನ ಅಂಚಿನಲ್ಲಿಡುತ್ತಾನೆ. ಎಲ್ಲರೂ ಟೊಪ್ಪಿಗೆ ತೆಗೆದು ಕಾಯುತ್ತಾರೆ. ಅಮಾತೆಪ್ಪನವರು ಮೀನಿನ ವಾಸನೆಗೆ ಮೂಗಿಗೆ ಶಲ್ಯ ಹಿಡಿದು, “ಉಣ್ಣವಲ್ದ್ರಿ,” ಎಂದು ವರದಿ ಮಾಡುತ್ತಾರೆ. ಅದು ಸತ್ಯವೇ ಆದ್ದರಿಂದ ಅವರ ಪೂಜೆಗೆ ಭಂಗವಿಲ್ಲ. ನಿರಾಕರಿಸಿದ ಆಹಾರವನ್ನು ಕೆಡಿಸಬಾರದೆಂಬ ಸುತ್ತೋಲೆಯಂತೆ ದಸ್ತಗೀರಬಿ ಬುಟ್ಟಿ ಹೊತ್ತು ಸಂತೆಗೆ ಹೋಗುತ್ತಾಳೆ. ಜನ ಮುಗಿಬಿದ್ದು ಕೊಳ್ಳುತ್ತಾರೆ. ಡಾಲ್ಫಿನ್ ಮನಸ್ಸು ಮಾಡುವ ತನಕ ಯೋಜನೆಯ ಅವಧಿಯನ್ನು ವಿಸ್ತರಿಸಲಾಗಿದೆ.

ಈಚೆಗೆ ದೂರದಿಂದ ಒಬ್ಬ ವಿದ್ವಾಂಸರು ಬಂದು, ನೀರು ನೋಡಿ, ಇಲ್ಲಿ ಡಾಲ್ಫಿನ್ ಇರುವುದು ಸಾಧ್ಯವೇ ಇಲ್ಲ ಎಂದರಂತೆ. ಸಂತೆಯ ಜನ ಸುತ್ತುಗಟ್ಟಿದರು. ಎಲ್ಲರಿಗಿಂತ ಮುಂದೆ ನಿಂತವನು ಹುಸೇನಸಾಬ.

“ನಿಮಗ ಹೆಂಗ ಗೊತ್ರಿ?” ಎಂದು ಕೇಳಿದ. “ಅದಕ್ಕ ದಿನಾ ಉಣ್ಣಾಕ ಇಡಾಂವ ನಾ. ಅದರ ಸ್ವಭಾವ ಭಾಳ ಸೂಕ್ಷ್ಮ ಐತಿ. ಸ್ವಲ್ಪ ಮೆಲ್ಲಕ ಮಾತಾಡ್ರಿ.”

ವಿದ್ವಾಂಸರು ದನಿ ತಗ್ಗಿಸಿದರು. ಹೋಗುವಾಗ ಅವರಿಗೂ ಒಂದು ಟೊಪ್ಪಿಗೆ ಕೊಡಲಾಯಿತು.

ಶರಣರೆ, ಕೇಳಿದ್ದನ್ನು ಕೇಳಿದಂತೆ ನಿಮಗೆ ಒಪ್ಪಿಸಿದ್ದೇನೆ. ನೀವೂ ಇನ್ನೊಬ್ಬರಿಗೆ ಹೇಳಿ. ಆದರೆ ನಮ್ಮ ಕಡೆಯ ಮಾತಿನಲ್ಲೇ ಹೇಳಿ. ಕಚೇರಿಯ ಕನ್ನಡದಲ್ಲಿ ಹೇಳಿದರೆ ಮಂಜೂರಾದೀತು.