ದೆವ್ವ ಕರೆದರೆ ‘ಬಂದೆ’ ಅನ್ನಬಾರದು

ಸಿನಿಮಾಗಳಿಗೆ ಸೀನು ಬರೆಯುವವನಾದ್ದರಿಂದ ಅವನಿಗೆ ಸೀನಣ್ಣ ಎಂದು ಹೆಸರು ಬಿದ್ದಿತ್ತು. ಹಳೇ ಪುಸ್ತಕಗಳ ಧೂಳಿಗೆ ದಿನವಿಡೀ ಸೀನುತ್ತಿದ್ದರಿಂದ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು. ಈಗ ಅವನನ್ನು ಸೀನಿಸುತ್ತಿದ್ದುದು ನೂರು ವರ್ಷ ಹಳೆಯದೊಂದು ಇಂಗ್ಲಿಷ್ ದೆವ್ವದ ಕಾದಂಬರಿ. ಪಾಳು ಬಂಗಲೆ, ಸತ್ತ ಹೆಂಡತಿ, ಉಳಿದ ಗಂಡ. ಹೆಂಡತಿ ಮಹಡಿಯ ಮೆಟ್ಟಿಲ ಮೇಲೆ ನಿಂತು ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ. ಗಂಡ ಹೆದರಿ, ಬೆವರಿ, ಕಿಟಕಿಯಿಂದ ಹಾರುತ್ತಾನೆ. ಇದನ್ನು ಸಿನಿಮಾಕ್ಕೆ ಒಗ್ಗಿಸಿಕೊಡಿ ಎಂದು ನಿರ್ದೇಶಕರು ಹೇಳಿಕಳಿಸಿದ್ದರು. ಒಂದು ವರ್ಷದಿಂದ ಒಂದು ಸಾಲೂ ಬರೆಯದಿದ್ದ ಸೀನಣ್ಣನಿಗೆ ಈ ಕೆಲಸ ಕೈತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲ.

ಇಪ್ಪತ್ತೊಂದು ಸೀನು ಸಲೀಸಾಗಿ ಮುಗಿದವು. ಇಪ್ಪತ್ತೆರಡರಲ್ಲಿ ದೆವ್ವ ಕರೆಯಬೇಕು. ಗಾಡಿ ಅಲ್ಲಿ ನಿಂತಿತು. ಹೆಂಡತಿ ಗಂಡನನ್ನು ಹೆಸರು ಹಿಡಿದು ಕೂಗಿದರೆ ನಮ್ಮ ಪ್ರೇಕ್ಷಕರು ದೆವ್ವಕ್ಕಲ್ಲ, ಅವಳ ಧೈರ್ಯಕ್ಕೇ ಬೆಚ್ಚಿಬೀಳುತ್ತಾರೆ. ಹಾಗಾಗಿ ಹೆಸರು ಹೊಡೆದುಹಾಕಿ ‘ರೀ...’ ಎಂದು ಬರೆದ. ಬರೆದದ್ದೇ ತಪ್ಪಾಯಿತು.

ಹದಿನೆಂಟು ವರ್ಷ ಸೀನಣ್ಣನ ಹೆಂಡತಿ ಅವನನ್ನು ಕರೆದದ್ದು ಆ ಒಂದಕ್ಷರದಲ್ಲೇ. ಅವನ ಉತ್ತರವೂ ಒಂದೇ: ‘ಬಂದೆ.’ ಹೇಳಿ ಕುರ್ಚಿಯಲ್ಲೇ ಕೂತಿರುತ್ತಿದ್ದ.

“ಬಂದೆ ಅಂದ್ರೆ ಬಂದಾಯ್ತು ಅಂತ ಅರ್ಥ ಕಣ್ರೀ. ನಿಮ್ಮ ವ್ಯಾಕರಣ ಅಡುಗೆಮನೆ ಮುಟ್ಟಿದೆ, ನೀವಿನ್ನೂ ಕುರ್ಚೀಲೇ ಇದೀರಿ!” ಎಂದು ಅವಳು ಛೇಡಿಸುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ ಅವಳು ಕರೆದಳು. ಅವನು ಬಂದೆ ಎಂದ. ಇನ್ನೆರಡು ಸಾಲು ಬರೆದು ಎದ್ದು ಹೋಗುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತ್ತು, ಅವಳು ನೆಲದ ಮೇಲೆ ಬಿದ್ದಿದ್ದಳು. ಆಗಲೇ ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಸೀನಣ್ಣ ತಲೆಯಾಡಿಸಿದ, ನಂಬಲಿಲ್ಲ.

ಈಗ ಕಾಗದದ ಮೇಲೆ ದೆವ್ವ ‘ರೀ’ ಎಂದರೆ ಗಂಡ ಹೆದರಲೊಲ್ಲ. ಮೊದಲ ಸಲ ಬರೆದಾಗ ಆ ಗಂಡ ದೀಪ ಹಾಕಿ ‘ಮೆಟ್ಟಿಲು ನೋಡ್ಕೊಂಡು ಇಳಿಯೇ’ ಎಂದ. ತಿದ್ದಿ ಬರೆದರೆ, ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಟ್ಟದ್ದಕ್ಕೆ ದೆವ್ವದ ಹತ್ತಿರ ಕ್ಷಮೆ ಕೇಳಿದ. (ಅದು ಹದಿನೆಂಟು ವರ್ಷದ ಹಳೇ ಬಾಕಿ.) ಕೊನೆಗೆ ಸೀನಣ್ಣ, ಮನೆ ನೋಡಿಕೊಳ್ಳಲು ಬಂದಿದ್ದ ಅಕ್ಕನ ಮೊರೆಹೋದ.

“ಅಕ್ಕ, ಆ ಬಾಗಿಲ ಹಿಂದೆ ನಿಂತು ಒಂದ್ಸಲ ‘ರೀ’ ಅನ್ನು. ನನಗೆ ಹೆದರಿಕೆ ಆಗ್ಬೇಕು.”

“ಒಡಹುಟ್ಟಿದ ತಮ್ಮನ್ನ ರೀ ಅನ್ನೋದಾ? ತಲೆ ನೆಟ್ಟಗಿದೆಯೇನೋ?”

“ನೀನು ದೆವ್ವ ಅಂದ್ಕೊಂಡು ಅನ್ನು.”

“ದೆವ್ವ ಅಂದ್ಕೊಳ್ಳೋಕೆ ನಾನೇ ಬೇಕಿತ್ತಾ ನಿನಗೆ!”

ಗೊಣಗುತ್ತಲೇ ಬಾಗಿಲ ಹಿಂದೆ ಹೋಗಿ, ಗಂಟಲು ಸರಿಮಾಡಿಕೊಂಡು, ‘ರೀ...’ ಎಂದಳು. ನಾಲಿಗೆ ಒಗ್ಗದೆ ‘...ಲೋ!’ ಎಂದೂ ಸೇರಿಸಿದಳು. ಸಮಸ್ತ ಪ್ರೇತಲೋಕದಲ್ಲಿ ‘ರೀ ಲೋ’ ಎಂದು ಕರೆದ ದೆವ್ವ ಇನ್ನೊಂದಿರಲಿಕ್ಕಿಲ್ಲ. ಸೀನಣ್ಣ ಬಿದ್ದುಬಿದ್ದು ನಕ್ಕ. ಹಾಗೆ ನಕ್ಕು ಒಂದು ವರ್ಷವಾಗಿತ್ತು. ಅಕ್ಕನೂ ನಕ್ಕು, ಬಾಗಿಲಿಗೆ ಒರಗಿಕೊಂಡು ಕೇಳಿದಳು:

“ನಿಜ ಹೇಳು. ಅವಳೇ ಬಂದು ಕರೆದ್ರೆ ನೀನು ಹೆದರ್ತೀಯೇನೋ?”

ಸೀನಣ್ಣನ ಕಣ್ಣು ತುಂಬಿಬಂತು. ಹಾಳು ಧೂಳು ಎನ್ನುತ್ತ ಎರಡು ಸುಳ್ಳು ಸೀನು ಸೀನಿದ.

ಮರುವಾರ ನಿರ್ದೇಶಕರು ಹಸ್ತಪ್ರತಿ ಓದಿ ಮೇಜಿನ ಮೇಲೆ ಕುಕ್ಕಿದರು.

“ಏನ್ರೀ ಇದು? ದೆವ್ವ ಬಂದ್ರೆ ಗಂಡ ಓಡ್ಬೇಕು. ಇವನು ಚಪ್ಪಲಿ ಹುಡುಕ್ಕೊಂಡು ಅದರ ಕಡೇಗೇ ಹೋಗ್ತಾನಲ್ರೀ!”

“ಕರೆದಿದಾಳಲ್ಲ ಸಾರ್.”

“ಸತ್ತಿದಾಳೆ ಕಣ್ರೀ ಅವಳು!”

“ಹೌದು ಸಾರ್,” ಎಂದ ಸೀನಣ್ಣ. ಆ ಮಾತನ್ನು ಅಷ್ಟು ಜೋರಾಗಿ ಇದುವರೆಗೆ ಯಾರೂ ಅವನ ಮುಂದೆ ಹೇಳಿರಲಿಲ್ಲ.

ಮರುದಿನವೇ ಬೇರೆ ಲೇಖಕರು ಬಂದರು. ಅವರು ಒಂದೇ ಏಟಿಗೆ ಗಂಡನನ್ನು ಕಿಟಕಿಯಿಂದ ಹಾರಿಸಿದರು. ಸೀನಣ್ಣನ ಇಪ್ಪತ್ತೆರಡನೇ ಸೀನಿನಲ್ಲಿ ಉಳಿದದ್ದು ಒಂದೇ ಅಕ್ಷರ.

ಸಿನಿಮಾ ಸಿದ್ಧವಾದ ಮೇಲೆ ಒಂದು ಮಧ್ಯಾಹ್ನ ಬೇಕಾದವರಿಗೆಂದು ತೋರಿಸಿದರು. ಸೌಜನ್ಯಕ್ಕೆ ಸೀನಣ್ಣನಿಗೂ ಕರೆ ಬಂದಿತ್ತು. ಅಕ್ಕ, ತಮ್ಮ ಮೂರನೇ ಸಾಲಿನಲ್ಲಿ ಕೂತರು. ಇಪ್ಪತ್ತೆರಡನೇ ಸೀನು ಬಂತು. ಕತ್ತಲು, ಮೆಟ್ಟಿಲು, ಎರಡು ಬಿಳಿ ಪಾದ.

“ರೀ...”

ಅಲ್ಲಿದ್ದ ಗಂಡಂದಿರೆಲ್ಲ ಒಟ್ಟಿಗೆ ಬೆಚ್ಚಿಬಿದ್ದರು (ಅಭ್ಯಾಸಬಲ). ಆ ದನಿ ಅವಳದಲ್ಲ. ಅವಳದು ಇದಕ್ಕಿಂತ ಸ್ವಲ್ಪ ಒರಟು. ಅದು ಗೊತ್ತಿದ್ದೂ ಸೀನಣ್ಣ ಆಗಲೇ ಎದ್ದು ನಿಂತಿದ್ದ.

“ಬಂದೆ!”

 ಥಿಯೇಟರಿಗೆ ಥಿಯೇಟರೇ ಗೊಳ್ಳೆಂದು ನಕ್ಕಿತು. ಪರದೆಯ ಮೇಲೆ ಗಂಡ ಕಿಟಕಿಯಿಂದ ಹಾರಿದ್ದಕ್ಕೂ ನಕ್ಕರು, ಬಿದ್ದದ್ದಕ್ಕೂ ನಕ್ಕರು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಭಯ ನೀರುಪಾಲಾಯಿತು. ನಿರ್ದೇಶಕರು ಮುಂದಿನ ಸಾಲಿನಿಂದ ತಿರುಗಿ, ಹಲ್ಲು ಕಚ್ಚಿ, ಹೊರಗೆ ಹೋಗುವಂತೆ ಬಾಗಿಲ ಕಡೆ ಕೈ ತೋರಿಸಿದರು.

ಅಕ್ಕ ಅಂಗಿ ಹಿಡಿದು ಜಗ್ಗಿದಳು. “ಕೂತ್ಕೊಳೋ, ಅದು ಸಿನಿಮಾ.”

“ಗೊತ್ತು ಕಣಕ್ಕ,” ಎಂದ ಸೀನಣ್ಣ. “ಈ ಸಲ ಬೇಗ ಎದ್ದೆ ನೋಡು.”