ಗುಡ್ಡದ ಮೇಲೆ ಬ್ಯಾಗು ಹೊತ್ತದ್ದು

ಗುಟ್ಟು ಕಾಪಾಡಲು ಬಾರದವರಲ್ಲಿ ಎರಡು ಜಾತಿ. ಮೊದಲನೆಯವರು ಬಾಯಿ ಬಿಟ್ಟುಬಿಡುತ್ತಾರೆ. ಅವರದು ಸುಖದ ಬದುಕು; ಹೇಳಿದ ಮೇಲೆ ಮಲಗಿದರೆ ನಿದ್ದೆ ಬರುತ್ತದೆ. ನಾನು ಎರಡನೆಯ ಜಾತಿಯವನು. ನಾನು ಬಾಯಿ ಬಿಡುವುದಿಲ್ಲ, ಒಳ್ಳೆಯವನಾಗಿಬಿಡುತ್ತೇನೆ. ಒಮ್ಮೆ ನನ್ನ ಹೆಂಡತಿ ಸುಧಾ ಎರಡು ವಾರ ಮೈಸೂರಿಗೆ ಹೋಗಿದ್ದಾಗ, ಈ ಪರದೇಶದಲ್ಲಿ ಟ್ಯಾಂಪಿನೀಸ್‌ನ ನಮ್ಮ ಫ್ಲ್ಯಾಟಿನ ಕಾರಿಡಾರಿನಲ್ಲಿ ಅವಳು ಮಗುವಿನಂತೆ ಸಾಕಿದ್ದ ಕರಿಬೇವಿನ ಗಿಡಕ್ಕೆ ನೀರು ಹಾಕುವುದನ್ನು ಮರೆತೆ. ಗಿಡ ಸತ್ತಿತು. ಕುಂಡ ಸಮೇತ ಅದನ್ನು ಸಾಗಿಸಿ, ಅವಳು ಬರುವ ದಿನ ಮನೆ ಗುಡಿಸಿ, ಪಾತ್ರೆ ತೊಳೆದು, ಕಾಫಿ ಮಾಡಿಟ್ಟು ನಿಂತೆ. ಅವಳು ಕಾಫಿಯನ್ನು ನೋಡಿದಳು, ನನ್ನನ್ನು ನೋಡಿದಳು, ಚಪ್ಪಲಿ ಮತ್ತೆ ಮೆಟ್ಟಿಕೊಂಡು ಕಾರಿಡಾರಿಗೆ ನಡೆದಳು. "ಗಿಡ ಎಲ್ರೀ?" ಎಂದಳು. ಕಾಫಿ ಮುಟ್ಟಲಿಲ್ಲ.

ಇಂಥ ನನಗೆ ಒಂದು ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಒಂದು ಗುಟ್ಟು ಕೊಟ್ಟರು. ಆಂಗ್ ಮೋ ಕಿಯೋ ಬಡಾವಣೆಯಲ್ಲಿ ನಮ್ಮ ಕಂಪನಿ. ಎಲೆಕ್ಟ್ರಾನಿಕ್ ಉಪಕರಣಗಳನ್ನು ಪರೀಕ್ಷೆ ಮಾಡುವ ವಿಭಾಗಕ್ಕೆ ನಾನು ಮ್ಯಾನೇಜರು. ಎಚ್.ಆರ್. ಮೇಡಂ ನನ್ನನ್ನು ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕಿದರು. ಕಂಪನಿ ಕೆಲವರನ್ನು ತೆಗೆಯುತ್ತಿದೆ, ನಿಮ್ಮ ಟೀಮಿನಲ್ಲಿ ಒಬ್ಬರು, ಸೋಮವಾರ ಹತ್ತು ಗಂಟೆಗೆ ನೀವೇ ಹೇಳಬೇಕು, ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು ಎಂದು ಹೇಳಿ, ಓದಬೇಕಾದ ಎಂಟು ವಾಕ್ಯಗಳ ಒಂದು ಕಾಗದ ಕೊಟ್ಟರು. ಒಂದು ಮಾತೂ ಸೇರಿಸುವಂತಿಲ್ಲ. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇರಬೇಕು. "ಎನಿ ಕ್ವೆಶ್ಚನ್ಸ್?" ಎಂದರು. ಕಾಗದದಲ್ಲಿದ್ದ ಹೆಸರು ನೋಡಿ ನನ್ನ ತಲೆ ಖಾಲಿಯಾಗಿತ್ತು. "ಟಿಶ್ಯೂ ನಾನೇ ತರಬೇಕಾ?" ಎಂದು ಕೇಳಿದೆ.

ಹೆಸರು ಜಿನರಾಜನದು. ಕಾರ್ಕಳದವನು. ಹತ್ತೊಂಬತ್ತು ವರ್ಷದ ಹಿಂದೆ ಇಬ್ಬರೂ ಒಂದೇ ವಾರ ಈ ಕಂಪನಿಗೆ ಸೇರಿದೆವು. ಅವನಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ನನಗೆ ಮೀಟಿಂಗಿನಲ್ಲಿ ಮಾತು ಚೆನ್ನಾಗಿ ಬರುತ್ತಿತ್ತು. ಆದ್ದರಿಂದ ನಾನು ಮ್ಯಾನೇಜರಾದೆ. ಅದಕ್ಕಾಗಿ ಅವನು ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪಿ.ಆರ್.ಗೆ ಎರಡು ಸಲ ಅರ್ಜಿ ಹಾಕಿ, ಸಿಗದೆ, ಸುಮ್ಮನಾಗಿದ್ದ. ಬೆಡೋಕ್‌ನಲ್ಲಿ ಬಾಡಿಗೆ ಫ್ಲ್ಯಾಟು. ಕೆಲಸ ಹೋದರೆ ಇಲ್ಲಿರಲು ಕೊಟ್ಟ ಪಾಸೂ ಹೋಗುತ್ತದೆ, ಪಾಸು ಹೋದರೆ ದೇಶ ಬಿಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ಒಂದು ಫಾರ್ಮ್ ಬಂದಿತ್ತು, ಟೀಮಿನ ಏಳು ಜನರನ್ನು ಕೆಲಸದ ಯೋಗ್ಯತೆಯಂತೆ ಒಂದರಿಂದ ಏಳರವರೆಗೆ ಸಾಲಾಗಿ ಬರೆಯಿರಿ ಎಂದು. ಯಾರಾದರೂ ಏಳನೆಯವರಾಗಲೇಬೇಕು. ಬೇರೆ ಯಾರನ್ನು ಹಾಕಿದರೂ ನಾಳೆ ಗೊತ್ತಾಗಿ ಜಗಳಕ್ಕೆ ಬಂದಾರು, ಜಿನರಾಜನಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದುಕೊಂಡು ಅವನ ಹೆಸರು ಬರೆದೆ. ಊಟದ ಹೊತ್ತಾಗಿತ್ತು. ಬರೆದು, ಅವನ ಜೊತೆಯಲ್ಲೇ ಊಟಕ್ಕೆ ಹೋದೆ.

ಗ್ರಹಚಾರವೆಂದರೆ, ಆ ಶುಕ್ರವಾರ ಸಂಜೆ ನಾವಿಬ್ಬರೂ ಥಾಯ್ಲೆಂಡಿಗೆ ಹೊರಡುವುದಿತ್ತು. ಜಿನರಾಜನಿಗೆ ಹಳೆಯ ದೇವಸ್ಥಾನಗಳ ಹುಚ್ಚು. ಎಲ್ಲಿ ನಾಲ್ಕು ಕಲ್ಲು ಒಂದರ ಮೇಲೊಂದು ನಿಂತಿದ್ದರೂ ಅವನು ಟಿಕೆಟ್ ಬುಕ್ ಮಾಡುತ್ತಾನೆ. ಈ ಸಲ ಫನೋಮ್ ರುಂಗ್. ಆರಿ ತಣ್ಣಗಾದ ಜ್ವಾಲಾಮುಖಿಯ ನೆತ್ತಿಯ ಮೇಲೆ ಸುಮಾರು ಸಾವಿರ ವರ್ಷದ ಹಿಂದೆ ಖಮೇರರು ಕಟ್ಟಿದ ಶಿವಾಲಯ. ಹೆಂಡತಿಯರಿಬ್ಬರೂ ಕಲ್ಲು ನೋಡಿ ನೋಡಿ ರೋಸಿಹೋಗಿದ್ದರಿಂದ ನಾವಿಬ್ಬರೇ. ಮೂರು ತಿಂಗಳ ಹಿಂದೆ ನಿಶ್ಚಯವಾದದ್ದು. ಜ್ವರ ಬಂತು ಎನ್ನೋಣವೆಂದರೆ ಸುಧಾ ಥರ್ಮಾಮೀಟರ್ ಇಟ್ಟುಬಿಡುತ್ತಾಳೆ. ಹೊರಟೆ.

ವಿಮಾನ ಹತ್ತಿದ ಕೂಡಲೇ ನನ್ನ ಒಳ್ಳೆಯತನ ಶುರುವಾಯಿತು. ಕಿಟಕಿ ಸೀಟು ನನ್ನದಿತ್ತು, ಅವನಿಗೆ ಬಿಟ್ಟುಕೊಟ್ಟೆ. ಬ್ಯಾಂಕಾಕ್‌ನಲ್ಲಿ ತಂಗಿದ ಹೋಟೆಲಿನಲ್ಲಿ ಬೆಳಕಿರುವ ಕೋಣೆ ಅವನಿಗೆ ಕೊಟ್ಟೆ. ಬೆಳಿಗ್ಗೆ ನನ್ನ ಪಾಲಿನ ಪಪ್ಪಾಯಿ ಹೋಳುಗಳನ್ನು ಅವನ ತಟ್ಟೆಗೆ ದಾಟಿಸಿದೆ. ಬುರಿರಾಮ್‌ಗೆ ಇನ್ನೊಂದು ವಿಮಾನ ಹಿಡಿದು, ಅಲ್ಲಿಂದ ವ್ಯಾನ್ ಮಾಡಿಕೊಂಡು ಗುಡ್ಡದ ಬುಡಕ್ಕೆ ಬರುವ ಹೊತ್ತಿಗೆ ಮೋಡ ಕವಿದು, ಬೂದಿ ಬಣ್ಣದ ಬೆಳಕಿತ್ತು. ಇಳಿದವನೇ ಅವನ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಅದರಲ್ಲಿ ಛತ್ರಿ, ಬೈನಾಕ್ಯುಲರ್, ನೋಟುಬುಕ್ಕು, ಅವನ ಹೆಂಡತಿ ಶಾಂತಿ ಕಟ್ಟಿಕೊಟ್ಟ ಚಪಾತಿ, ಬೆಳ್ಳುಳ್ಳಿಯಿಲ್ಲದ ಚಟ್ನಿಪುಡಿ. ಜೈನರ ಮನೆಯ ಬುತ್ತಿ ಇಷ್ಟು ಭಾರವಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಮೇಲಕ್ಕೆ ಹೋಗುವ ಉದ್ದನೆಯ ಕಲ್ಲುಹಾದಿಯ ಎರಡೂ ಬದಿಗೆ ಕಮಲದ ಮೊಗ್ಗಿನಂಥ ತಲೆಯ ಗಿಡ್ಡ ಕಂಬಗಳು ಸಾಲಾಗಿ ನಿಂತಿವೆ. ಜಿನರಾಜ ಒಂದೊಂದನ್ನೂ ಮಾತಾಡಿಸುವವನಂತೆ ನಡೆದ. ಇಲ್ಲಿಯೇ ಹೇಳಿಬಿಡೋಣವೆಂದು ನಿರ್ಧರಿಸಿದೆ.

"ಜಿನರಾಜ, ಒಂದು ಮಾತು."

"ಹೇಳು ಮಾರಾಯ."

"ನೀರು ಕುಡೀತೀಯಾ?"

ಕುಡಿದ. ಕಂಬಗಳು ಮುಗಿದವು. ಐದು ಹೆಡೆಯ ನಾಗಗಳ ಸೇತುವೆ ದಾಟಿದರೆ ಕಡಿದಾದ ಮೆಟ್ಟಿಲುಗಳು. ಅವನು ಬಂಡೆಗುಡ್ಡದ ಊರಿನವನು, ಆಡುತ್ತ ಹತ್ತಿದ. ನಾನು ಪ್ರತಿ ಮೆಟ್ಟಿಲಿಗೂ ಎಂಟು ವಾಕ್ಯಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ, ಮೂರನೆಯ ವಾಕ್ಯಕ್ಕೆ ಉಸಿರು ಹೋಗಿ ನಿಲ್ಲುತ್ತ ಬಂದೆ. ಅರ್ಧದಲ್ಲಿ ಅವನು ನನಗಾಗಿ ಕಾದು ನಿಂತು ಹೇಳಿದ: "ನೆಕ್ಸ್ಟ್ ಲಾವೋಸ್‌ಗೆ ಹೋಗುವ. ಅಲ್ಲಿ ಕೂಡ ಇಂಥದ್ದೇ ಒಂದು ಉಂಟು, ಬೆಟ್ಟದ ಮೇಲೆ. ಆದ್ರೆ ಒಂದು ವಾರ ಬೇಕು. ರಜೆ ನೀನೇ ಅಪ್ರೂವ್ ಮಾಡ್ಬೇಕಲ್ಲ ಬಾಸ್."

"ಎಷ್ಟು ದಿನ ಬೇಕಾದ್ರೂ ತಗೋ" ಎಂದೆ.

ಬಾಯಿಂದ ಮಾತು ಬಿದ್ದ ಮೇಲೆ ಅದು ಎಂಥ ಮಾತೆಂದು ನನಗೇ ಹೊಳೆಯಿತು. ಜಿನರಾಜ ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದ. ಮ್ಯಾನೇಜರಾದಂದಿನಿಂದ ಅವನು ಕೇಳಿದ ಒಂದು ರಜೆಯಿಂದಲೂ ನಾನು ಒಂದು ದಿನವನ್ನು ಕತ್ತರಿಸದೆ ಬಿಟ್ಟದ್ದಿಲ್ಲ.

ಮೇಲೆ, ಗುಲಾಬಿ ಛಾಯೆಯ ಕಲ್ಲಿನ ಗೋಪುರದ ಮುಂದೆ, ಪೂರ್ವದ ಬಾಗಿಲಿಗೆ ಎದುರಾಗಿ ಒಂದು ಕಟ್ಟೆಯ ಮೇಲೆ ಕುಳಿತೆವು. ಬಾಗಿಲ ನೆತ್ತಿಯ ಮೇಲೆ ಮಲಗಿದ ವಿಷ್ಣು, ಅವನ ಮೇಲೆ ಹತ್ತು ಕೈಗಳ ಶಿವನ ನೃತ್ಯ. ಜಿನರಾಜ ಬೈನಾಕ್ಯುಲರ್ ಕೇಳಲಿಲ್ಲ. ಆ ಬಾಗಿಲನ್ನೂ ನೋಡಲಿಲ್ಲ.

"ಎಂತ ಮಾರಾಯ ನಿಂದು?" ಎಂದ. "ನಿನ್ನೆಯಿಂದ ನೋಡ್ತಾ ಇದ್ದೇನೆ. ವಿಂಡೋ ಸೀಟು, ಪಪ್ಪಾಯಿ, ಈಗ ಬ್ಯಾಗು. ನೀನು ನಂಗೆ ಒಂದು ದಿನ ನೀರಿನ ಬಾಟ್ಲಿ ಹೊತ್ತವನಲ್ಲ." ದನಿ ತಗ್ಗಿಸಿ ಕೇಳಿದ: "ಲಾಸ್ಟ್ ವೀಕ್ ಹೆಲ್ತ್ ಚೆಕಪ್ ಆಯ್ತಲ್ಲ. ರಿಪೋರ್ಟ್ ಆಫೀಸಿಗೆ ಬಂತಾ? ನಂಗೆ ಎಂತಾದ್ರೂ ಉಂಟಾ?"

"ಛೆ, ಇಲ್ಲಪ್ಪ! ನೀನು ಗಟ್ಟಿಯಾಗಿದ್ದೀಯ!" ಎಂದೆ, ಬಹಳ ಸಂತೋಷದಿಂದ. ಒಂದು ಒಳ್ಳೆಯ ಸುದ್ದಿಯಾದರೂ ಹೇಳಲು ಸಿಕ್ಕಿತಲ್ಲ ಎಂಬ ಸಂತೋಷ.

"ಹಾಗಾದ್ರೆ ಕೆಲ್ಸ" ಎಂದ ಜಿನರಾಜ.

ನಾನು ಬ್ಯಾಗಿನ ಪಟ್ಟಿಯನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ. ಶಾಲೆಯ ಮಕ್ಕಳ ಒಂದು ಗುಂಪು ನಮ್ಮ ಮುಂದೆ ಫೋಟೋ ತೆಗೆಸಿಕೊಂಡು ಹೋಯಿತು.

"ಯಾವಾಗ?"

"ಸೋಮವಾರ. ಹತ್ತು ಗಂಟೆಗೆ."

"ಲಿಸ್ಟ್ ಯಾರು ಮಾಡಿದ್ದು?"

"ಮೇಲಿನವರು" ಎಂದೆ. ಸುಳ್ಳಿಗೆ ಬಲ ಬರಲೆಂದು ಕೈಯನ್ನೂ ಮೇಲಕ್ಕೆ ಎತ್ತಿದೆ. ಬೆರಳಿನ ನೇರಕ್ಕೆ ಶಿವ ಕುಣಿಯುತ್ತಿದ್ದ. ಹತ್ತು ಕೈಗಳಿದ್ದರೂ ಆ ಫಾರ್ಮ್ ತುಂಬಿದವನು ಅವನಲ್ಲ.

ಜಿನರಾಜ ಬೈಯಬಹುದು, ಅಳಬಹುದು ಎಂದು ನಾನು ಸಿದ್ಧನಾಗಿದ್ದೆ. ಎರಡಕ್ಕೂ ನನ್ನ ಬಳಿ ಉತ್ತರವಿತ್ತು. ಅವನು ಎದ್ದು ಕೈ ಚಾಚಿದ. "ಬ್ಯಾಗ್ ಕೊಡು. ನಾನೇ ಹೊರ್ತೇನೆ." ಕೊಟ್ಟೆ. "ಶಾಂತಿಗೆ ನೀನು ಹೇಳ್ಬೇಡ. ಸುಧಾ ಹತ್ರ ಸಹ ಹೇಳ್ಬೇಡ. ನಾನು ಹೇಳ್ತೇನೆ" ಎಂದ. ಆಮೇಲೆ, "ಬಂದದ್ದು ಬಂದಾಯ್ತು, ಪೂರ್ತಿ ನೋಡುವ" ಎಂದ.

ಪೂರ್ತಿ ನೋಡಿದ. ಒಂದರ ಹಿಂದೊಂದು ನೇರವಾಗಿ ನಿಂತ ಬಾಗಿಲುಗಳನ್ನು ದಾಟಿ ನಂದಿಯ ಬಳಿ ನಿಂತ, ಲಿಂಗದ ಬಳಿ ನಿಂತ, ಅಭಿಷೇಕದ ನೀರು ಹರಿಯಲೆಂದು ಕೊರೆದ ಕಲ್ಲಿನ ತೂಬನ್ನು ಬಗ್ಗಿ ನೋಡಿದ. ಹೊರಪ್ರಾಕಾರದ ಕೆಂಪು ಗೋಡೆಗೆ ಅಂಗೈ ಒತ್ತಿ, "ಇದು ನಮ್ಮ ಮುರಕಲ್ಲು. ನಮ್ಮ ಮನೆ ಕಟ್ಟುವಾಗ ಹೊತ್ತು ಹೊತ್ತು ಅಂಗೈ ಸಿಪ್ಪೆ ಎದ್ದು ಹೋಗಿತ್ತು" ಎಂದ. ನನಗೆ ಹೇಳಿದನೋ ಗೋಡೆಗೆ ಹೇಳಿದನೋ ತಿಳಿಯಲಿಲ್ಲ. ನೋಟುಬುಕ್ಕು ತೆಗೆದ, ತೆರೆದ, ಏನೂ ಬರೆಯದೆ ಮುಚ್ಚಿದ. ಮರದ ಕೆಳಗೆ ಬುತ್ತಿ ಬಿಚ್ಚಿದಾಗ ನನಗೆ ಮೂರು ಚಪಾತಿ ಹಾಕಿದ, ತಾನು ಎರಡು ತಿಂದ. ನನಗೆ ಇಳಿಯಲಿಲ್ಲ. "ತಿನ್ನು ಮಾರಾಯ, ಶಾಂತಿ ಕೇಳ್ತಾಳೆ" ಎಂದು ಗದರಿದ. ಆಡುತ್ತ ಹತ್ತಿದವನು ಇಳಿಯುವಾಗ ಒಂದೆರಡು ಕಡೆ ನನ್ನ ಹೆಗಲು ಹಿಡಿದ. ಹಿಡಿದಾಗಲೆಲ್ಲ, ಈಗ ಹೇಳು, ಏಳನೆಯ ಹೆಸರು ಬರೆದವನು ನಾನೆಂದು ಈಗ ಹೇಳು ಎಂದು ಒಳಗೊಬ್ಬ ಚುಚ್ಚುತ್ತಿದ್ದ. ಅವನಿಗೆ ಉತ್ತರವಾಗಿ ನಾನು, "ಹುಷಾರು, ಪಾಚಿ ಇದೆ" ಎಂದು ಜಿನರಾಜನಿಗೆ ಹೇಳುತ್ತಿದ್ದೆ.

ವ್ಯಾನಿನಲ್ಲಿ ಹಿಂದಿರುಗುವಾಗ ಅವನು ಇದ್ದಕ್ಕಿದ್ದಂತೆ ಕೇಳಿದ: "ನಂಗೆ ಮೊದಲೇ ಗೊತ್ತಾಗಿದೆ ಅಂತಾದ್ರೆ ನಿಂಗೆ ಪ್ರಾಬ್ಲಮ್ ಅಲ್ವಾ?"

"ಹೌದು" ಎಂದೆ. ಅದೊಂದು ಪ್ರಶ್ನೆಗೆ ಮಾತ್ರ ಕೂಡಲೇ ನಿಜ ಹೇಳಿದೆ.

"ಹಾಗಾದ್ರೆ ನಾನು ಸರ್‌ಪ್ರೈಸ್ ಆಗ್ಬೇಕು." ಕಿಟಕಿಯ ಕಡೆ ತಿರುಗಿ ಸ್ವಲ್ಪ ಯೋಚಿಸಿ, "ಓಹೋ!" ಎಂದ. ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಅದು ಲಾಟರಿ ಹೊಡೆದ ಹಾಗಾಯ್ತು" ಎಂದೆ.

"ಓ…" ಎಂದ, ಮೆಲ್ಲಗೆ.

"ಅದು ಸರಿ."

"ಒಂದು ಕ್ವೆಶ್ಚನ್ ಸಹ ಕೇಳ್ಬೇಕು, ಇಲ್ಲದಿದ್ರೆ ಡೌಟ್ ಬರ್ತದೆ. ಯಾರು ಡಿಸೈಡ್ ಮಾಡಿದ್ದು ಅಂತ ಕೇಳ್ಲಾ?"

"ಅದು ಬೇಡ!" ಎಂದು ಚೀರಿದಂತೆ ಅಂದೆ. "ಇನ್ಶುರೆನ್ಸ್ ಯಾವತ್ತಿನವರೆಗೆ ಇರತ್ತೆ ಅಂತ ಕೇಳು. ಎಲ್ಲರೂ ಅದನ್ನೇ ಕೇಳ್ತಾರೆ."

"ಆಯ್ತು" ಎಂದ. ವಿಮಾನ ನಿಲ್ದಾಣ ಬರುವವರೆಗೆ ಮೆಲ್ಲನೆಯ ಆ "ಓ" ಅನ್ನು ಇನ್ನೂ ಎರಡು ಸಲ ಅಭ್ಯಾಸ ಮಾಡಿದ. ನನ್ನ ಕೆಲಸ ಉಳಿಯಲೆಂದು.

ಸೋಮವಾರ ಹತ್ತಕ್ಕೆ ಚಿಕ್ಕ ಕೋಣೆಯಲ್ಲಿ ಮೂವರು ಕುಳಿತೆವು: ನಾನು, ಅವನು, ಎಚ್.ಆರ್. ಮೇಡಂ. ನಾನು ಎಂಟು ವಾಕ್ಯ ಓದಿದೆ. ಜಿನರಾಜ ಮೇಜಿನ ಅಂಚು ಹಿಡಿದು, "ಓ…" ಎಂದ. ವ್ಯಾನಿನಲ್ಲಿ ಅಂದದ್ದಕ್ಕಿಂತ ಚೆನ್ನಾಗಿ ಬಂತು. ಇನ್ಶುರೆನ್ಸಿನ ಪ್ರಶ್ನೆ ಕೇಳಿದ. ಉತ್ತರ ಸಿಕ್ಕಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಡಂ ಒಳ್ಳೆಯ ಹೆಂಗಸು, ಅವರಿಗೆ ಸಮಾಧಾನ ಹೇಳಬೇಕೆನಿಸಿತು. ಯಾರೋ ಗುರುತಿಲ್ಲದವರು ಕೂತು ತೆಗೆದ ತೀರ್ಮಾನ ಇದಲ್ಲ, ನಿಮ್ಮನ್ನು ಚೆನ್ನಾಗಿ ಬಲ್ಲ ನಿಮ್ಮ ಮ್ಯಾನೇಜರೇ ಕೊಟ್ಟ ರ‍್ಯಾಂಕಿಂಗ್ ನೋಡಿಯೇ ಮಾಡಿದ್ದೇವೆ, ಹಾಗಾಗಿ ಅನ್ಯಾಯ ಆಗಿಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ, ಕರುಣೆಯಿಂದ ವಿವರಿಸಿದರು.

ಜಿನರಾಜ ನನ್ನ ಕಡೆ ತಿರುಗಿ ಇನ್ನೊಂದು ಸಲ "ಓ" ಎಂದ. ಅದನ್ನು ಅವನು ಅಭ್ಯಾಸ ಮಾಡಿರಲಿಲ್ಲ.

ಟಿಶ್ಯೂ ಡಬ್ಬಿಗೆ ಕೈ ಹಾಕಿದವನು ನಾನು. ಅವನು ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿಟ್ಟು, ಮೇಡಂಗೆ ಥ್ಯಾಂಕ್ಸ್ ಹೇಳಿ ಹೊರಗೆ ಹೋದ. ತಿಂಗಳೊಳಗೆ ಬೆಡೋಕ್‌ನ ಮನೆ ಖಾಲಿ ಮಾಡಿದರು. ಪ್ಯಾಕಿಂಗಿಗೆ ಸುಧಾ ಎರಡು ದಿನ ಹೋಗಿ ಬಂದಳು. ನಾನು ಆಫೀಸಿನಲ್ಲಿ ಬಹಳ ಕೆಲಸವಿದೆ ಎಂದೆ. ವಾಪಸು ಬಂದವಳು ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಬಾಗಿಲಲ್ಲೇ ನಿಂತು ನೋಡಿದಳು. "ನೀವ್ಯಾಕೆ ಬರ್ಲಿಲ್ಲ ಅಂತ ಅವರಿಬ್ಬರೂ ಕೇಳ್ಲೇ ಇಲ್ಲ ಕಣ್ರೀ" ಎಂದಳು. ಏನು ನಡೆಯಿತೆಂದು ಅವಳೂ ಕೇಳಲಿಲ್ಲ.

ಎಚ್.ಆರ್. ಮೇಡಂ ಮಾತ್ರ ಬಹಳ ಮೆಚ್ಚಿಕೊಂಡಿದ್ದಾರೆ. "ಸೋ ಸಿನ್ಸಿಯರ್ ಲಾ, ಯು ಈವನ್ ಕ್ರೈಡ್" ಎಂದು ಈ ಊರಿನ ಧಾಟಿಯ ಇಂಗ್ಲಿಷಿನಲ್ಲಿ ಹೊಗಳಿದರು. ಮುಂದಿನ ತಿಂಗಳು ಉಳಿದ ಮ್ಯಾನೇಜರುಗಳಿಗೆ ನಾನು ಒಂದು ಗಂಟೆ ತರಬೇತಿ ಕೊಡಬೇಕಂತೆ. ಒಲ್ಲೆ ಎನ್ನಬೇಕಿತ್ತು, ಮೀಟಿಂಗಿನಲ್ಲಿ ಮಾತಾಡಿ ಅಭ್ಯಾಸವಾದ ಬಾಯಿ ಒಪ್ಪಿಕೊಂಡುಬಿಟ್ಟಿತು. ವಿಷಯವನ್ನೂ ಅವರೇ ಸೂಚಿಸಿದ್ದಾರೆ: ಪ್ರಾಮಾಣಿಕವಾಗಿ ಮಾತನಾಡುವುದು ಹೇಗೆ. ಮೊದಲ ಸ್ಲೈಡಿನಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ, ಕೆಳಗೆ ನನ್ನ ಹೆಸರು ಹಾಕಿದ್ದೇನೆ. ಎರಡು ವಾರದಿಂದ ಎರಡನೆಯ ಸ್ಲೈಡಿಗೆ ಹೋಗಲಾಗಿಲ್ಲ. ದಿನವೂ ಫೈಲ್ ತೆರೆದು ಹೆಸರಿನ ಅಕ್ಷರವನ್ನು ಸ್ವಲ್ಪ ಚಿಕ್ಕದು ಮಾಡಿ, ಸೇವ್ ಮಾಡಿ ಮುಚ್ಚುತ್ತಿದ್ದೇನೆ.