ಯಾರ ಮನೆಗೂ ಹೋಗದ ಪ್ರವಾಸ

ರೊಸಾರಿಯೊ ಮಾಸ್ಟರು ಭೂಗೋಳ ಕಲಿಸಿ ನಿವೃತ್ತರಾದವರು. ಘಟ್ಟ ಹೇಗಾಯಿತು, ಕೆರೆಗೂ ಸರೋವರಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ನಿದ್ದೆಯಲ್ಲಿಯೂ ಉತ್ತರಿಸಬಲ್ಲರು. ಆದರೆ ಮದುವೆಯಾದ ಮೇಲೆ ಈ ಭೂಮಂಡಲದಲ್ಲಿ ಅವರು ಕಣ್ಣಾರೆ ಕಂಡದ್ದು ಮುಖ್ಯವಾಗಿ ಹೆಂಡತಿಯ ಸಂಬಂಧಿಕರ ಮನೆಗಳ ಶೋಕೇಸುಗಳನ್ನು.

ತಪ್ಪು ಹೆಂಡತಿ ಜೆರ್ಟ್ರೂಡಳದ್ದು ಎನ್ನುವಂತಿಲ್ಲ. ಊರಿನ ಪದ್ಧತಿಯೇ ಹಾಗೆ. ಸಂಬಂಧಿಕರ ಮನೆಯ ಎದುರಿನಿಂದ ಕಾರಿನಲ್ಲಿ ಹೋಗುವವರು ಇಳಿದು ಒಂದು ಲೋಟ ಚಾ ಕುಡಿಯದೆ ಮುಂದೆ ಹೋದರೆ ಅದು ಮಹಾಪಾತಕ. ಮುಂದಿನ ಎಲ್ಲ ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ಕೂಡ ಅದರ ಪ್ರಸ್ತಾಪ ಬರುತ್ತದೆ. ಹಾಗಾಗಿ ಆಗುಂಬೆಗೆಂದು ಕಾಪುವಿನಿಂದ ಹೊರಟ ಅವರ ಮೊದಲ ಪ್ರವಾಸ ಹಿರಿಯಡಕದ ದೊಡ್ಡಮ್ಮನ ಮನೆಯ ಕೋಳಿ ಸಾರಿನಲ್ಲಿ ಮುಳುಗಿತು. ಎರಡನೆಯದು ಮಣಿಪಾಲವನ್ನೇ ದಾಟಲಿಲ್ಲ. ಅಲ್ಲಿ ಜೆರ್ಟ್ರೂಡಳ ಅತ್ತಿಗೆಯ ತಂಗಿ ಹೊಸ ಫ್ಲ್ಯಾಟ್ ಕೊಂಡಿದ್ದಳು. ಅದರ ಪ್ರತಿಯೊಂದು ಕಪಾಟನ್ನೂ ತೆರೆದು ಮುಚ್ಚಿ ಹೊಗಳುವಷ್ಟರಲ್ಲಿ ಸೂರ್ಯ ತನ್ನ ಪಾಡಿಗೆ ತಾನು ಮುಳುಗಿದ್ದ.

ಈ ಸಲ ಮಾಸ್ಟರು ಊಟದ ಮೇಜಿನ ಮೇಲೆ ನಕಾಶೆ ಹಾಸಿ ಶಾಸನ ಹೊರಡಿಸಿದರು.

"ಬೆಳಿಗ್ಗೆ ಆಗುಂಬೆ. ಅಲ್ಲಿಂದ ಘಟ್ಟ ಇಳಿದು ಹೆಬ್ರಿ, ಅಜೆಕಾರು. ಸಂಜೆಗೆ ಕಾರ್ಕಳದ ಆನೆಕೆರೆ. ಕೆರೆಯ ದಡದಲ್ಲಿ ನಿಂತು ಸೂರ್ಯಾಸ್ತ ನೋಡುವುದು. ದಾರಿಯಲ್ಲಿ ಯಾರ ಮನೆಗೂ ಹೋಗುವಂತಿಲ್ಲ."

"ಮನೆ ಹಿಂದೆ ಇಷ್ಟು ದೊಡ್ಡ ಸಮುದ್ರ ಉಂಟು. ಇವರಿಗೆ ಕೆರೆ ಬೇಕಂತೆ!" ಎಂದಳು ಜೆರ್ಟ್ರೂಡ್. "ಅಜೆಕಾರಿನಲ್ಲಿ ನನ್ನ ತಮ್ಮ ಜೋವಿನ್ ಇದ್ದಾನೆ. ಅಮ್ಮನೂ ಅಲ್ಲೇ ಇದ್ದಾಳೆ. ಮಾರ್ಗದ ಬದಿಯಲ್ಲೇ ಮನೆ. ಅಲ್ಲಿಗೂ ಇಲ್ವಾ?"

"ಯಾರ ಮನೆಗೂ ಅಂದ್ರೆ ಯಾರ ಮನೆಗೂ."

"ಆಯ್ತು. ನಿಯಮ ಮುರಿದರೆ?"

"ಮುರಿದರೆ ಇನ್ನು ಮುಂದೆ ಈ ಮನೆಯ ಪ್ರವಾಸಗಳ ಪರಮಾಧಿಕಾರ ನಿನ್ನದು. ನಾನು ಬಾಯಿ ತೆರೆಯುವುದಿಲ್ಲ."

ಜೆರ್ಟ್ರೂಡ್ ಕೂಡಲೇ ಒಪ್ಪಿದಳು. (ಹೆಂಡತಿ ಕೂಡಲೇ ಒಪ್ಪಿದಾಗ ಗಂಡಂದಿರು ಎಚ್ಚರವಾಗಿರಬೇಕು. ಇದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಕಾರಣ ಮಾಸ್ಟರಿಗೆ ತಿಳಿದಿರಲಿಲ್ಲ.)

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಟರು. ಕಾರು ಬಿಡುವುದು ಮಗ ಡೀನ್. ಪಕ್ಕದಲ್ಲಿ ಮಗಳು ಫಿಯೋನಾ. ತಿರುವಿನ ಹಾದಿಯಲ್ಲಿ ಹಿಂದೆ ಕೂತರೆ ಅವಳಿಗೆ ವಾಂತಿ. ಹಿರಿಯಡಕ ಬರುತ್ತಿದ್ದಂತೆ ಜೆರ್ಟ್ರೂಡ್ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂಗಿದಳು.

"ದೊಡ್ಡಮ್ಮ ಗೇಟಲ್ಲೇ ನಿಂತಿದ್ದಾರೆ! ಎಲ್ಲರೂ ಬಗ್ಗಿ!"

ಎಲ್ಲರೂ ಬಗ್ಗಿದರು. ಗಾಬರಿಯಲ್ಲಿ ಡೀನ್ ಸಹ ಬಗ್ಗಿದ.

"ನೀನು ಬಗ್ಗಬೇಡ ಮಾರಾಯ, ಸ್ಟೇರಿಂಗ್ ಹಿಡಿ!" ಎಂದು ಮಾಸ್ಟರು ಸೀಟಿನ ಕೆಳಗಿನಿಂದಲೇ ಕಿರುಚಿದರು. ಮನುಷ್ಯರೇ ಇಲ್ಲದ ಕಾರೊಂದು ತಾನಾಗಿಯೇ ಓಡಿಹೋದದ್ದನ್ನು ಕಂಡ ದೊಡ್ಡಮ್ಮ ಶಿಲುಬೆಯ ಗುರುತು ಹಾಕಿಕೊಂಡರು.

ಆಗುಂಬೆಯಲ್ಲಿ ಮಂಜು ಕವಿದಿತ್ತು. ತಣ್ಣನೆ ಗಾಳಿ. ಮಾಸ್ಟರು ಕೈಯನ್ನು ಬೆನ್ನ ಹಿಂದೆ ಕಟ್ಟಿ, ಪಶ್ಚಿಮಕ್ಕೆ ಹರಿಯುವ ನದಿಗಳು ಯಾಕೆ ಅಷ್ಟು ರಭಸವಾಗಿರುತ್ತವೆ ಎಂದು ಪಾಠ ಆರಂಭಿಸಿದರು. ಮಕ್ಕಳು ಸೆಲ್ಫಿ ತೆಗೆಯುತ್ತಿದ್ದುದರಿಂದ ಆ ಪಾಠವನ್ನು ಕಷಾಯದ ಅಂಗಡಿಯವನೊಬ್ಬನೇ ಕೇಳಬೇಕಾಯಿತು. ಕೇಳಿದವನ ಮರ್ಯಾದೆಗೆಂದು ಮಾಸ್ಟರು ಒಂದು ಲೋಟ ಕಷಾಯ ಕುಡಿದರು. ರುಚಿಯಾಗಿತ್ತೆಂದು ಮತ್ತೊಂದು. ಚಳಿಗೆಂದು ಇನ್ನೊಂದು.

"ಸಾಕು ಇವರೇ. ನೀರು ಇಳಿಸುವ ಬಿಪಿ ಮಾತ್ರೆ ಬೇರೆ ತೆಗೊಂಡಿದ್ದೀರಿ," ಎಂದಳು ಜೆರ್ಟ್ರೂಡ್.

"ಪ್ರಕೃತಿಯ ಮಡಿಲಲ್ಲಿ ಮಾತ್ರೆಯ ಮಾತೆಂತಕ್ಕೆ?" ಎಂದರು ಮಾಸ್ಟರು.

ಪ್ರಕೃತಿ ಇದನ್ನು ಕೇಳಿಸಿಕೊಂಡಿತು. ಮಧ್ಯಾಹ್ನ ಕಳೆದ ಮೇಲೆ ಘಟ್ಟದ ತಿರುವುಗಳನ್ನು ಇಳಿಯುವಾಗಲೇ ತಮ್ಮೊಳಗೆ ಒಂದು ನದಿ ಸಮುದ್ರ ಸೇರುವ ಅವಸರದಲ್ಲಿದೆ ಎಂದು ಮಾಸ್ಟರಿಗೆ ಗೊತ್ತಾಯಿತು. ಘಟ್ಟದಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಇದ್ದ ಜಾಗದಲ್ಲಿ ಮಂಗಗಳು ಸಾಲಾಗಿ ಕೂತಿದ್ದವು. ಹೆಬ್ರಿಯಲ್ಲಿ ಒಂದು ಹೋಟೆಲಿನ ಹಿಂದೆ ಓಡಿದರೆ ಶೌಚಾಲಯದ ಬಾಗಿಲಿಗೆ ಅಡ್ಡವಾಗಿ ಬಕೆಟು ಇಟ್ಟು "ರಿಪೇರಿ" ಎಂದು ಬರೆದಿದ್ದರು.

"ಯಾವುದಾದರೂ ಒಂದು ಪೊದೆ ನೋಡಿ ನಿಲ್ಲಿಸು," ಎಂದು ಮಾಸ್ಟರು ಹಲ್ಲು ಕಚ್ಚಿ ಮಗನಿಗೆ ಹೇಳಿದರು.

ಒಳ್ಳೆಯ ಪೊದೆ ಸಿಕ್ಕಿತು. ಮಾಸ್ಟರು ಅದರ ಹಿಂದೆ ಸರಿದು ಇನ್ನೇನು ಎನ್ನುವಾಗ ಬೈಕೊಂದು ನಿಂತಿತು.

"ನಮಸ್ಕಾರ ಸಾರ್! ನಾನು ಸುಂದರ, ನಿಮ್ಮ ಸ್ಟೂಡೆಂಟ್! ಎಂತ ಸಾರ್ ಹುಡುಕ್ತಿದ್ದೀರಿ?"

ಶಿಷ್ಯನಿಗೆ ಸತ್ಯ ಹೇಳುವುದುಂಟೇ? "ಕೀಲಿಕೈ ಬಿತ್ತು ಮಾರಾಯ," ಎಂದರು ಮಾಸ್ಟರು.

ಗುರುಭಕ್ತ ಸುಂದರ ಬೈಕಿನಿಂದ ಇಳಿದೇಬಿಟ್ಟ. "ನೀವು ಬಗ್ಗಬೇಡಿ ಸಾರ್, ನಾನು ಹುಡುಕ್ತೇನೆ," ಎಂದು ಮೊಬೈಲಿನ ಟಾರ್ಚು ಹಾಕಿ ಪೊದೆಯೊಳಗೆ ನುಗ್ಗಿದ. ದಾರಿಯಲ್ಲಿ ಹೋಗುತ್ತಿದ್ದ ಇನ್ನಿಬ್ಬರನ್ನೂ ಸಹಾಯಕ್ಕೆ ಕರೆದ. ಮಾಸ್ಟರು ಕಾಲಿಗೆ ಕಾಲು ಹೆಣೆದು ನಿಂತು, ಕೀಲಿಕೈ ಜೇಬಿನಲ್ಲೇ ಇತ್ತೆಂದು ಘೋಷಿಸಿ, ಆಶೀರ್ವಾದ ಮಾಡಿ ಕಾರಿಗೆ ಮರಳಿದರು.

ಕಾರು ಅಜೆಕಾರು ಸಮೀಪಿಸಿತು. ಜೆರ್ಟ್ರೂಡ್ ಕಿಟಕಿಯ ಹೊರಗೆ ನೋಡುತ್ತ ಗಾಳಿಗೆ ಹೇಳಿದಳು: "ಜೋವಿನ್ ಮನೆಗೆ ಹೊಸ ಬಾತ್‌ರೂಮ್ ಕಟ್ಟಿಸಿದ್ದಾನಂತೆ. ಪೂರ್ತಿ ಟೈಲ್ಸ್ ಅಂತೆ."

ಕಾರು ಒಂದು ಉಬ್ಬು ಹತ್ತಿ ಇಳಿಯಿತು. ಮಾಸ್ಟರ ಮುಖ ಬೆಳ್ಳಗಾಯಿತು.

"ಜೆರ್ಟಿ, ಅದು... ಅದು ಸಂಬಂಧಿಕರ ಮನೆಗೆ ಹೋದ ಹಾಗೆ ಅಲ್ಲ. ಅದು ತುರ್ತು ಪರಿಸ್ಥಿತಿ."

"ತುರ್ತು ಪರಿಸ್ಥಿತಿಗೂ ಮನೆಗೂ ಬಾಗಿಲು ಒಂದೇ. ಬಾಯಿ ಬಿಟ್ಟು ಹೇಳಿ."

"ಹೋಗೋಣ."

"ಯಾರ ಮನೆಗೆ?"

"ನಿನ್ನ ತಮ್ಮನ ಮನೆಗೆ!"

"ಸ್ವಲ್ಪ ಪ್ರೀತಿಯಿಂದ ಹೇಳಬಹುದಲ್ವಾ?"

"ಮಮ್ಮಿ, ಸಾಕು. ಸೀಟ್ ಕವರ್ ಹೊಸದು," ಎಂದು ಡೀನ್ ನಡುವೆ ಬಾಯಿ ಹಾಕಿ ಕಾರನ್ನು ಜೋವಿನನ ಅಂಗಳಕ್ಕೆ ತಿರುಗಿಸಿದ.

ಕಾರು ನಿಲ್ಲುವ ಮೊದಲೇ ಮಾಸ್ಟರು ಇಳಿದು, ಅತ್ತೆಗೆ ನಮಸ್ಕಾರವನ್ನೂ ಹೇಳದೆ, ಜೋವಿನನನ್ನು ಬದಿಗೆ ತಳ್ಳಿ ಒಳಗೆ ಓಡಿದರು.

"ಭಾವನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ನೋಡಿ!" ಎಂದು ಜೋವಿನ್ ಕಣ್ಣರಳಿಸಿದ. "ಓಡಿಕೊಂಡೇ ಬಂದ್ರು!"

ಸ್ವಲ್ಪ ಹೊತ್ತಿನ ನಂತರ ಮಾಸ್ಟರು ಋಷಿಯಂತೆ ಶಾಂತರಾಗಿ ಹೊರಬಂದರು. ಆಗುಂಬೆಯ ಕಣಿವೆಯನ್ನೂ ಅವರು ಅಷ್ಟು ತೃಪ್ತಿಯಿಂದ ನೋಡಿರಲಿಲ್ಲ. "ಚಂದ ಕಟ್ಟಿಸಿದ್ದೀ ಜೋವಿನ್," ಎಂದು ಬಾಯಿತುಂಬಾ ಹೊಗಳಿದರು. "ಸರಿ, ಹೊರಡೋಣ. ಸೂರ್ಯಾಸ್ತ ತಪ್ಪುತ್ತದೆ."

"ಹೊರಡುವುದಾ?" ಜೋವಿನನ ಹೆಂಡತಿ ಜೋಸ್ಲಿನ್ ಸೌಟು ಹಿಡಿದೇ ಹೊರಬಂದಳು. "ಸಾನ್ನಾ ಹಬೆಗೆ ಇಟ್ಟಾಯ್ತು. ಬಾತ್‌ರೂಮಿಗೆ ಬಂದು ಹಾಗೇ ಹೋದ್ರು ಅಂತ ನಾಳೆ ಜನ ಹೇಳಬೇಕಾ?"

ಇಡ್ಲಿಯಂಥ ಮೆತ್ತನೆಯ ಸಾನ್ನಾ ಬಂತು, ಹಂದಿಮಾಂಸದ ಸಾರು ಬಂತು, ಮೇಲೆ ಪಾಯಸ ಬಂತು. ಮಾಸ್ಟರು ಅವಸರದಲ್ಲಿ ಗಬಗಬನೆ ನುಂಗುತ್ತಿದ್ದಾಗ ಅತ್ತೆ ಕೇಳಿದರು: "ಎಲ್ಲಿಗೆ ಹೊರಟದ್ದು ಅಳಿಯಂದಿರು?"

"ಆನೆಕೆರೆಗೆ."

"ಹೌದಾ! ಕಾರ್ಕಳದ ಅತ್ತೂರು ಚರ್ಚಿಗೆ ವರ್ಷವರ್ಷ ಹೋಗ್ತೇನೆ. ಆ ಕೆರೆ ಬದಿಯಲ್ಲಿ ಒಂದು ದಿನ ಕೂತದ್ದಿಲ್ಲ ಮಾರಾಯ್ರೆ. ನಾನೂ ಬರ್ತೇನೆ."

ಮಾಸ್ಟರು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಪ್ರತಿಷ್ಠಾಪಿತರಾಗಿದ್ದರು. ಅವರ ಮಂಡಿನೋವಿಗೆ, ಹತ್ತಿಸಿ ಇಳಿಸಲು ಜೋಸ್ಲಿನ್ ಬೇಕು. ಅವಳೂ ಕೂತಿದ್ದಳು. ಇನ್ನೊಂದು ಬದಿಯಲ್ಲಿ ಜೆರ್ಟ್ರೂಡ್. ಮುಂದೆ ವಾಂತಿಯ ಫಿಯೋನಾ. ಡೀನ್ ಇಲ್ಲದೆ ಕಾರು ಹೋಗದು. ಮಾಸ್ಟರು ಡಿಕ್ಕಿಯ ಕಡೆಗೂ ಒಮ್ಮೆ ಆಸೆಯಿಂದ ನೋಡಿದರು. ಅಲ್ಲಿ ಒಂದು ಹಲಸು, ನಾಲ್ಕಾರು ಸೌತೆಕಾಯಿಗಳು ಅವರಿಗಿಂತ ಮೊದಲೇ ಸೀಟು ಹಿಡಿದಿದ್ದವು.

"ಜೋವಿನ್, ನಿನ್ನ ಸ್ಕೂಟರು?"

"ನಿನ್ನೆಯೇ ಗ್ಯಾರೇಜಿಗೆ ಹೋಯ್ತು ಭಾವ."

"ನೀವು ಬೇಕಾದರೆ ಬನ್ನಿ, ನಾನು ಇಳೀತೇನೆ," ಎಂದರು ಅತ್ತೆ, ಇಳಿಯುವ ಯಾವ ಸೂಚನೆಯನ್ನೂ ತೋರದೆ. ಅತ್ತೆಯನ್ನು ಕಾರಿನಿಂದ ಇಳಿಸಿದ ಅಳಿಯನೆಂಬ ಬಿರುದು ಹೊತ್ತು ಈ ತಾಲೂಕಿನಲ್ಲಿ ಬದುಕಲಾಗುವುದೇ? ಮಾಸ್ಟರೇ ಕೈಯಾರೆ ಬಾಗಿಲು ಮುಚ್ಚಿದರು.

"ಬೇಜಾರು ಮಾಡಬೇಡಿ. ಪರಮಾಧಿಕಾರ ಈಗ ನನ್ನದಲ್ವಾ? ನೀವು ಇಲ್ಲೇ ಇರಿ," ಎಂದಳು ಜೆರ್ಟ್ರೂಡ್. ಕಾರು ಹೋಯಿತು.

ಜೋವಿನನಿಗೆ ಹಬ್ಬ. ಅವನು ಭಾವನನ್ನು ಶೋಕೇಸಿನ ಎದುರಿಗೇ ಕೂರಿಸಿ, ತಾನು ಹಿಂದೆ ಕೆಲಸಕ್ಕಿದ್ದ ಕುವೈತಿನ ಆಲ್ಬಮ್ ತೆರೆದ. "ಇದು ನೋಡಿ, ಅಲ್ಲಿಯ ಸಮುದ್ರದಲ್ಲಿ ಸೂರ್ಯಾಸ್ತ." ಮಾಸ್ಟರು ಆಸೆಯಿಂದ ಬಗ್ಗಿ ನೋಡಿದರು. ಸಮುದ್ರವನ್ನೂ ಸೂರ್ಯನನ್ನೂ ಪೂರ್ತಿ ಮರೆಮಾಡಿ ಜೋವಿನ್ ನಿಂತಿದ್ದ.

ಅಷ್ಟರಲ್ಲಿ ವಿಡಿಯೊ ಕಾಲ್ ಬಂತು. ಪರದೆಯ ತುಂಬ ಕೇಸರಿ ಬಣ್ಣದ ನೀರು, ನಡುವೆ ಬಸದಿ, ಮೂಲೆಯಲ್ಲಿ ಕಡಲೆ ತಿನ್ನುತ್ತಿರುವ ಅತ್ತೆ. ಮಾಸ್ಟರು ಕನ್ನಡಕ ಹುಡುಕುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ಚೂರುಚೂರಾಯಿತು. ಜೆರ್ಟ್ರೂಡಳ ಸ್ವರ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಕೇಳಿದ್ರಾ? ನಿಮ್ಮ ಪ್ಲ್ಯಾನ್ ಎಷ್ಟು ಒಳ್ಳೆಯದುಂಟು ಅಂತ ನನಗೆ ಈಗ ಗೊತ್ತಾಯ್ತು. ಅಜೆಕಾರಿನಿಂದ ಸೀದಾ ಬಂದೆವು. ದಾರಿಯಲ್ಲಿ ಯಾರ ಮನೆಗೂ ಹೋಗಲಿಲ್ಲ!"